ಹಳೆ ಮೈಸೂರಿನ ಚಿತ್ರಗ್ಯಾಲರಿಗೆ ಹೊಸ ಬೆಳಕು: ತೈಲಚಿತ್ರ, ಜಲವರ್ಣ, ಚಿನ್ನದ ರೇಕು ಎಲ್ಲ ಒಂದೇ ಕೋಣೆಯಲ್ಲಿ

ಗ್ಯಾಲರಿ_ಕಡತ

19ನೇ ಶತಮಾನದ ಕಟ್ಟಡವೊಂದರ ಚಿತ್ರಗ್ಯಾಲರಿ ನವೀಕರಣವಾಗುತ್ತಿದೆ. ಬೆಳಕಿನ ಭಾಗಕ್ಕೆ ತಿಳಿದವರ ಸಲಹೆ ಬೇಕು.

ಕೋಣೆ 18 × 7 ಮೀಟರ್, ಎತ್ತರ 5 ಮೀಟರ್. ತೇಗದ ಜಂತೆಗಳ ಮೇಲೆ ಮದ್ರಾಸ್ ತಾರಸಿ, ಗೋಡೆಗೆ ಸುಣ್ಣದ ಗಾರೆ. ಉತ್ತರಕ್ಕೆ ಆರು ಕಿಟಕಿ. ಮಧ್ಯದ ಸಾಲಿನಲ್ಲಿ ಉದ್ದ ರಾಡಿನ ಫ್ಯಾನುಗಳು. ಈಗಿರುವುದು ಟ್ಯೂಬ್‌ಲೈಟು ಮತ್ತು 50 ವ್ಯಾಟಿನ ಹ್ಯಾಲೊಜೆನ್ ದೀಪ. ಚಿತ್ರಗಳು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಕಾಣುವಂಥ ಮಿಶ್ರಣ: ರವಿವರ್ಮನ ಕಾಲದ ತೈಲಚಿತ್ರ, ಓಲಿಯೋಗ್ರಾಫ್ (ತೈಲಚಿತ್ರದಂತೆ ಕಾಣುವ ಬಣ್ಣದ ಮುದ್ರಣ), ಜಲವರ್ಣ, ಮೈಸೂರು ಶೈಲಿಯ ಚಿನ್ನದ ರೇಕಿನ ಚಿತ್ರ. ಜೊತೆಗೆ ಒಂದು ಷೋಕೇಸಿನಲ್ಲಿ ಜರಿಯಂಚಿನ ರೇಷ್ಮೆ.

ಸಲ್ಲಿಕೆಯಾಗಿರುವ ಪ್ರಸ್ತಾವ ಹೀಗಿದೆ: ಫಾಲ್ಸ್ ಸೀಲಿಂಗ್, ಅದರಲ್ಲಿ ಎಲ್‌ಇಡಿ ಪ್ಯಾನೆಲ್, ಜೊತೆಗೆ 30 ವ್ಯಾಟಿನ 24 ಡಿಗ್ರಿ ಕಿರಣದ ಟ್ರ್ಯಾಕ್ ಸ್ಪಾಟುಗಳು (ಹಳಿಯ ಮೇಲೆ ಸರಿಸಬಹುದಾದ ದೀಪಗಳು), ಇಡೀ ಕೋಣೆಗೆ 300 ಲಕ್ಸ್ (ಮೇಲ್ಮೈಗೆ ಬೀಳುವ ಬೆಳಕಿನ ಅಳತೆ). ಬೆಳಿಗ್ಗೆ 10ರಿಂದ ಸಂಜೆ 5.30, ವರ್ಷಕ್ಕೆ 310 ದಿನ ತೆರೆದಿರುತ್ತದೆ. ಇದು ಸರಿಯೇ?

ಚಿತ್ರಸಂರಕ್ಷಕಿ

300 ಲಕ್ಸ್ ಅಂತ ಇಡೀ ಕೋಣೆಗೆ ಒಂದೇ ಅಂಕಿ ಬರೆದಿರುವುದೇ ತಪ್ಪು. ಮೊದಲು ವಸ್ತುಗಳ ಪಟ್ಟಿ, ಆಮೇಲೆ ದೀಪದ ಪಟ್ಟಿ.

ಅಂತರರಾಷ್ಟ್ರೀಯ ಬೆಳಕು ಆಯೋಗ, ಅಂದರೆ ಸಿಐಇ, 2004ರಲ್ಲಿ ತಂದ 157ನೇ ವರದಿಯಲ್ಲಿ ವಸ್ತುಗಳನ್ನು ನಾಲ್ಕು ವರ್ಗ ಮಾಡಿದ್ದಾರೆ. ಕಲ್ಲು, ಲೋಹದಂಥವಕ್ಕೆ ಮಿತಿಯಿಲ್ಲ. ತೈಲಚಿತ್ರದಂಥ ಕಡಿಮೆ ಸೂಕ್ಷ್ಮದವಕ್ಕೆ 200 ಲಕ್ಸ್, ವರ್ಷಕ್ಕೆ 6,00,000 ಲಕ್ಸ್-ಗಂಟೆ (ಲಕ್ಸನ್ನು ಬೆಳಕು ಬಿದ್ದ ಗಂಟೆಗಳಿಂದ ಗುಣಿಸಿದ್ದು). ಜಲವರ್ಣ, ಬಟ್ಟೆ, ಮುದ್ರಿತ ಕಾಗದದಂಥವಕ್ಕೆ 50 ಲಕ್ಸ್, 1,50,000 ಲಕ್ಸ್-ಗಂಟೆ. ರೇಷ್ಮೆ ಮತ್ತು ಬೇಗ ಮಾಸುವ ಬಣ್ಣಗಳಿಗೆ 50 ಲಕ್ಸ್, ಆದರೆ ವರ್ಷಕ್ಕೆ 15,000 ಲಕ್ಸ್-ಗಂಟೆ ಮಾತ್ರ.

ನಿಮ್ಮ ಸಮಯಕ್ಕೆ ಲೆಕ್ಕ ಹಾಕಿ. ದಿನಕ್ಕೆ 7.5 ಗಂಟೆ × 310 = 2,325 ಗಂಟೆ. 50 ಲಕ್ಸಿನಲ್ಲಿ 1,16,250. ಜಲವರ್ಣಗಳಿಗೆ ಮಿತಿಯೊಳಗೇ ಇದೆ. ಆದರೆ ಬಾಗಿಲು ತೆರೆಯುವ ಮುಂಚೆ ಗುಡಿಸಿ ಒರೆಸಲು ಎರಡು ಗಂಟೆ 200 ಲಕ್ಸಿನ ಟ್ಯೂಬ್‌ಲೈಟ್ ಹಾಕಿದರೆ ಅದೊಂದೇ 1,24,000 ಆಗುತ್ತದೆ. ಎರಡೂ ಸೇರಿ 2,40,250. ಒಬ್ಬ ಪ್ರೇಕ್ಷಕನೂ ನೋಡದ ಹೊತ್ತಿನಲ್ಲಿ ಚಿತ್ರದ ಅರ್ಧ ಆಯಸ್ಸು ಖರ್ಚು. ಅದಕ್ಕೇ ಕೆಲಸದ ದೀಪಕ್ಕೆ ಬೇರೆ ಸರ್ಕ್ಯೂಟ್, ನೆಲಕ್ಕೆ ಮಾತ್ರ ಬೀಳುವ ಬೆಳಕು, 30 ನಿಮಿಷಕ್ಕೆ ತಾನೇ ಆರುವ ಟೈಮರ್ ಬೇಕು.

ರೇಷ್ಮೆಗೆ 15,000 ÷ 50 = 300 ಗಂಟೆ. ನಿಮ್ಮ ಸಮಯದಲ್ಲಿ ಅದು ಬರೀ 40 ದಿನ. ಹಳೆ ಸಸ್ಯಜನ್ಯ ಬಣ್ಣಗಳಿದ್ದರೆ, ಅದರಲ್ಲೂ ಅರಿಶಿನದ ಹಳದಿ ಇದ್ದರೆ, ವರ್ಷವಿಡೀ ಬೆಳಕಿನಲ್ಲಿ ಇಡುವಂತಿಲ್ಲ. ಒಂದೋ ಸರದಿಯಲ್ಲಿ ಬದಲಿಸಿ, ಇಲ್ಲವೇ ಗುಂಡಿ ಒತ್ತಿದರೆ 30 ಸೆಕೆಂಡು ಬೆಳಗುವ ವ್ಯವಸ್ಥೆ ಮಾಡಿ.

ಇನ್ನೊಂದು ಎಚ್ಚರಿಕೆ ಓಲಿಯೋಗ್ರಾಫ್ ಬಗ್ಗೆ. ತೈಲಚಿತ್ರದಂತೆ ಕಾಣಲೆಂದು ಮೇಲೆ ವಾರ್ನಿಷ್ ಹೊಡೆದಿರುತ್ತಾರೆ, ಕೆಲವಕ್ಕೆ ಕ್ಯಾನ್ವಾಸಿನ ಗೆರೆಯನ್ನೂ ಒತ್ತಿರುತ್ತಾರೆ. ರಿಜಿಸ್ಟರಿನಲ್ಲಿ 'ತೈಲ' ಎಂದು ಬರೆದಿದ್ದರೂ ಅದು ಕಾಗದದ ಮೇಲಿನ ಶಿಲಾಮುದ್ರಣ. 200 ಲಕ್ಸಿನ ಗೋಡೆಗೆ ಹೋಗಕೂಡದು. ಭೂತಗನ್ನಡಿಯಲ್ಲಿ ನೋಡಿ: ಸಣ್ಣ ಚುಕ್ಕೆಗಳಿಂದ ಬಣ್ಣ ಕೂಡಿದ್ದರೆ ಮುದ್ರಣ, ಕುಂಚದ ಎಳೆ ಕಂಡರೆ ತೈಲ.

ಬೆಳಕು_ಲೆಕ್ಕ

ಮೇಡಂ ಹೇಳಿದ ಅಂಕಿ ಹಿಡಿದುಕೊಂಡು ದೀಪದ ಲೆಕ್ಕ ಮಾಡೋಣ.

ಚಿತ್ರದ ಮಧ್ಯ ನೆಲದಿಂದ 1.6 ಮೀಟರ್ ಅಂತ ಇಟ್ಟುಕೊಳ್ಳಿ. ಟ್ರ್ಯಾಕನ್ನು 4.2 ಮೀಟರಿಗೆ ಇಳಿಬಿಟ್ಟರೆ ಲಂಬ ಅಂತರ 2.6. ಬೆಳಕು ಲಂಬದಿಂದ 30 ಡಿಗ್ರಿ ಓರೆಯಲ್ಲಿ ಬೀಳಬೇಕು. 2.6 × 0.577 = 1.5 ಮೀಟರ್. ಅಂದರೆ ಗೋಡೆಯಿಂದ ಒಂದೂವರೆ ಮೀಟರಿಗೆ ಟ್ರ್ಯಾಕ್. ದೀಪದಿಂದ ಚಿತ್ರದ ಮಧ್ಯಕ್ಕೆ ಸರಿಯಾಗಿ 3 ಮೀಟರ್.

ಲಕ್ಸ್ = ಕ್ಯಾಂಡೆಲಾ × ಕೊಸೈನ್ 60 ÷ ದೂರದ ವರ್ಗ. ಕ್ಯಾಂಡೆಲಾ ಅಂದರೆ ಒಂದು ದಿಕ್ಕಿಗೆ ದೀಪ ಕೊಡುವ ಬೆಳಕಿನ ತೀವ್ರತೆ. ಗೋಡೆಗೆ ನೇರ ಎದುರಿನಿಂದ ಅಳೆದರೆ ಕಿರಣ 60 ಡಿಗ್ರಿ ಓರೆ. ಇಲ್ಲಿ ಅದು ಕ್ಯಾಂಡೆಲಾ ÷ 18. ಜಲವರ್ಣಕ್ಕೆ 50 ಲಕ್ಸ್ ಬೇಕಾದರೆ 900 ಕ್ಯಾಂಡೆಲಾ, ತೈಲಚಿತ್ರಕ್ಕೆ 150 ಲಕ್ಸ್ ಇಟ್ಟರೆ 2,700. ಈ ಕೆಲಸಕ್ಕೆ 6ರಿಂದ 10 ವ್ಯಾಟಿನ ಒಳ್ಳೆಯ ಸ್ಪಾಟ್ ಧಾರಾಳ. 30 ವ್ಯಾಟಿನದು ತಂದರೆ ಅದನ್ನು ಡ್ರೈವರಿನ (ಎಲ್ಇಡಿಗೆ ಕರೆಂಟ್ ಕೊಡುವ ಘಟಕ) ತಳಮಟ್ಟಕ್ಕೆ ಇಳಿಸಿ ಉರಿಸಬೇಕು. ಅಗ್ಗದ ಡ್ರೈವರುಗಳು ಮಿನುಗಲು ಶುರುಮಾಡುವುದೇ ಅಲ್ಲಿ.

24 ಡಿಗ್ರಿ ಕಿರಣ ಎಲ್ಲಕ್ಕೂ ಬೇಡ. 3 ಮೀಟರಿನಲ್ಲಿ ಅದರ ಅಗಲ ಸುಮಾರು 1.28 ಮೀಟರ್, ಓರೆಯಾಗಿ ಬೀಳುವುದರಿಂದ ಗೋಡೆಯ ಮೇಲೆ ಎತ್ತರದಲ್ಲಿ ಎರಡರಷ್ಟು ಉದ್ದ. 60 × 90 ಸೆಂಟಿಮೀಟರಿನ ಭಾವಚಿತ್ರಕ್ಕೆ ಇಷ್ಟು ಹರಡಿದರೆ ಗೋಡೆಯೇ ಹೆಚ್ಚು ಬೆಳಗುತ್ತದೆ. 15 ಡಿಗ್ರಿಯದು 0.79 ಮೀಟರ್, ಅದು ಸರಿಹೊಂದುತ್ತದೆ. ಲೆನ್ಸ್ ಬದಲಿಸಬಹುದಾದ ಮಾದರಿಯನ್ನೇ ಕೇಳಿ. ದೊಡ್ಡ ಚಿತ್ರಕ್ಕೆ ಅಂಡಾಕಾರ ಹರಡುವ ಲೆನ್ಸ್ ಅಥವಾ ಎರಡು ದೀಪ. ಪ್ರತಿ ದೀಪಕ್ಕೂ ಜೇನುಗೂಡು ಜಾಲರಿ ಬೇಕೇಬೇಕು. ಇಲ್ಲದಿದ್ದರೆ ಎದುರುಗೋಡೆ ನೋಡುವವರ ಕಣ್ಣಿಗೆ ನೇರ ಕುಕ್ಕುತ್ತದೆ.

ಹಳೆ ಗಿಲೀಟು ಫ್ರೇಮುಗಳು ಆಳವಾಗಿರುತ್ತವೆ. 30 ಡಿಗ್ರಿಯಲ್ಲಿ ಫ್ರೇಮಿನ ಆಳದ 1.73ರಷ್ಟು ನೆರಳು ಚಿತ್ರದ ಮೇಲೆ ಬೀಳುತ್ತದೆ. 8 ಸೆಂಟಿಮೀಟರ್ ಆಳವಿದ್ದರೆ 14 ಸೆಂಟಿಮೀಟರ್ ನೆರಳು. ಭಾವಚಿತ್ರದಲ್ಲಿ ಅದು ಹಣೆಯವರೆಗೂ ಬಂದುಬಿಡಬಹುದು. 40 ಡಿಗ್ರಿಗೆ ತಂದರೆ 9.5ಕ್ಕೆ ಇಳಿಯುತ್ತದೆ, ಆದರೆ ವಾರ್ನಿಷಿನ ಹೊಳಪು ನೋಡುವವರ ಕಣ್ಣಿಗೆ ಬರುತ್ತದೆ. ಅಂಥ ಒಂದೆರಡು ಚಿತ್ರಕ್ಕೆ ಟ್ರ್ಯಾಕನ್ನೇ ಸರಿಸುವ ಬದಲು ಚಿತ್ರದ ತಲೆಯನ್ನು 3–4 ಡಿಗ್ರಿ ಮುಂದಕ್ಕೆ ಬಾಗಿಸಿ ತೂಗುಹಾಕಿ. ಮೇಲ್ಮೈ 4 ಡಿಗ್ರಿ ಬಾಗಿದರೆ ಪ್ರತಿಫಲನ 8 ಡಿಗ್ರಿ ಕೆಳಗೆ ಹೋಗುತ್ತದೆ. ಆಗ 35–38 ಡಿಗ್ರಿ ಓರೆಯಲ್ಲಿ ಬೆಳಕು ಕೊಡಬಹುದು.

ಫ್ಯಾನ್ ಮರೆಯಬೇಡಿ. ಒಂದು ಗೋಡೆಯ ಟ್ರ್ಯಾಕಿನಿಂದ ಎದುರುಗೋಡೆಗೆ ದೀಪ ತಿರುಗಿಸಿದರೆ ಕಿರಣ ಫ್ಯಾನಿನ ರೆಕ್ಕೆಗಳ ಮೂಲಕ ಹೋಗಿ ಚಿತ್ರದ ಮೇಲೆ ನೆರಳು ಸುತ್ತುತ್ತದೆ. ಆಯಾ ಗೋಡೆಗೆ ಆಯಾ ಬದಿಯ ಟ್ರ್ಯಾಕ್ ಮಾತ್ರ.

ಸುಣ್ಣಗಾರೆ

ಫಾಲ್ಸ್ ಸೀಲಿಂಗ್ ದಯವಿಟ್ಟು ಬೇಡ. ಜಂತೆಗಳೇ ಆ ಕೋಣೆಯ ಅರ್ಧ ಚೆಲುವು. ಮುಚ್ಚಿದರೆ ತಾರಸಿ ಸೋರುವುದು ಗೊತ್ತಾಗುವುದು ಜಿಪ್ಸಮ್ ಹಲಗೆ ಚಿತ್ರದ ಮೇಲೆ ಬಿದ್ದಾಗಲೇ. ಗೆದ್ದಲು ಹತ್ತಿದರೂ ಕಾಣುವುದಿಲ್ಲ.

ಮದ್ರಾಸ್ ತಾರಸಿಯಲ್ಲಿ ಜಂತೆಗಳ ಮೇಲೆ ಇಟ್ಟಿಗೆಗಳನ್ನು ಅಂಚು ಮೇಲಾಗಿ, ಓರೆಯಾಗಿ ಸುಣ್ಣದಲ್ಲಿ ಕೂರಿಸಿರುತ್ತಾರೆ. ಅದಕ್ಕೆ ಹ್ಯಾಮರ್ ಡ್ರಿಲ್ ಹಾಕಿ ಆಂಕರ್ ಹೊಡೆದರೆ ಇಟ್ಟಿಗೆ ಸಡಿಲವಾಗುತ್ತದೆ. ಜಂತೆಗೂ ಸ್ಕ್ರೂ ಬೇಡ. ಜಂತೆಯನ್ನು ಎರಡೂ ಬದಿಯಿಂದ ಹಿಡಿಯುವ ಯು-ಕ್ಲಾಂಪ್ ಮಾಡಿಸಿ, ಒಳಗೆ 3 ಮಿಲಿಮೀಟರ್ ಫೆಲ್ಟ್ ಪ್ಯಾಡ್, ಅದರಿಂದ 2 ಮಿಲಿಮೀಟರ್ ಸ್ಟೀಲ್ ತಂತಿಯಲ್ಲಿ ಟ್ರ್ಯಾಕ್ ಇಳಿಬಿಡಿ. 18 ಮೀಟರಿಗೆ ಒಂದೂವರೆ ಮೀಟರಿಗೊಂದರಂತೆ 13 ಕಡೆ. ಟ್ರ್ಯಾಕ್ ಮೀಟರಿಗೆ ಒಂದು ಕೆ.ಜಿ., 20 ದೀಪ ತಲಾ 700 ಗ್ರಾಂ ಅಂದರೂ ಒಟ್ಟು 32 ಕೆ.ಜಿ., ಒಂದು ಕ್ಲಾಂಪಿಗೆ ಎರಡೂವರೆ ಕೆ.ಜಿ. ತೇಗಕ್ಕೆ ಅದೊಂದು ಭಾರವೇ ಅಲ್ಲ. ನಾಳೆ ಬಿಚ್ಚಿದರೂ ಕಲೆ ಉಳಿಯುವುದಿಲ್ಲ. ಹಳೆಯ ಪಂಖಾದ ಕೊಕ್ಕೆಗಳಿದ್ದರೆ ಅವಕ್ಕೆ ತೂಗುಹಾಕಬೇಡಿ, ಒಳಗೆ ಎಷ್ಟು ತುಕ್ಕು ಹಿಡಿದಿದೆ ಎಂದು ಹೊರಗಿಂದ ಕಾಣುವುದಿಲ್ಲ.

ಗೋಡೆ ಕೊರೆದು ಪೈಪು ಹುದುಗಿಸುವುದೂ ಬೇಡ. ಆ ಕಾಲುವೆಯನ್ನು ಗುತ್ತಿಗೆಯವರು ಸಿಮೆಂಟಿನಲ್ಲೇ ಮುಚ್ಚುತ್ತಾರೆ. ಸುಣ್ಣದ ಗೋಡೆ ಉಸಿರಾಡಿದಂತೆ ಸಿಮೆಂಟು ಆಡುವುದಿಲ್ಲ. ಒಂದೆರಡು ಮಳೆಗಾಲದಲ್ಲಿ ಅದರ ಅಕ್ಕಪಕ್ಕದ ಗಾರೆ ಉಪ್ಪು ಬಿಟ್ಟು ಉದುರುತ್ತದೆ. ವೈರನ್ನು ಕಾರ್ನಿಸಿನ ಮೇಲ್ಭಾಗದಲ್ಲಿ ಕೊಳವೆಯೊಳಗೆ ಒಯ್ಯಿರಿ, ಗೋಡೆ ಬಣ್ಣವನ್ನೇ ಅದಕ್ಕೂ ಹಚ್ಚಿ.

ಈಗ ಕಿಟಕಿ. 'ಉತ್ತರದ ಬೆಳಕು, ನೇರ ಬಿಸಿಲಿಲ್ಲ' ಎಂಬುದು ಯುರೋಪಿನ ಪುಸ್ತಕಗಳ ಮಾತು. ಮೈಸೂರು ಸುಮಾರು 12.3 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೇ ವಾರದವರೆಗೆ ಮಧ್ಯಾಹ್ನದ ಸೂರ್ಯನೇ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ಮಧ್ಯಾಹ್ನದ ಬಿಸಿಲನ್ನು ಸಜ್ಜ ತಡೆಯುತ್ತದೆ. ಬೆಳಿಗ್ಗೆ ಮತ್ತು ಸಂಜೆ ತಗ್ಗಿನಲ್ಲಿ ಬರುವ ಬಿಸಿಲು ಕಿಟಕಿಯೊಳಗೆ ಓರೆಯಾಗಿ ನುಗ್ಗಿ ದೂರದ ಗೋಡೆ ಮುಟ್ಟುತ್ತದೆ. ಸಾವಿರಾರು ಲಕ್ಸ್. ನೀವು ದೀಪದಲ್ಲಿ ಉಳಿಸಿದ್ದೆಲ್ಲ ಅಲ್ಲಿ ಹೋಯಿತು.

ಕಿಟಕಿಗಳ ಮರದ ಬಾಗಿಲುಗಳನ್ನು ದುರಸ್ತಿ ಮಾಡಿಸಿ, ಗ್ಯಾಲರಿ ಮುಚ್ಚಿದ ಹೊತ್ತಿನಲ್ಲಿ ಅವು ಮುಚ್ಚಿರಲಿ. ರಜಾದಿನದ ಬಿಸಿಲೂ ಲೆಕ್ಕಕ್ಕೆ ಸೇರುತ್ತದೆ. ಗಾಜು ಹಳೆಯ ಕೈಕೆಲಸದ್ದೋ ಬಣ್ಣದ್ದೋ ಆಗಿದ್ದರೆ ಅದರ ಮೇಲೆ ಯುವಿ (ಅತಿನೇರಳೆ ಕಿರಣ) ತಡೆಯುವ ಫಿಲ್ಮ್ ಅಂಟಿಸಬೇಡಿ. ತೆಗೆಯುವಾಗ ಗಾಜೂ ಹೋಗುತ್ತದೆ. ಒಳಬದಿಗೆ ಯುವಿ ತಡೆಯುವ ಅಕ್ರಿಲಿಕ್ ಹಾಳೆಯ ಬೇರೆ ಚೌಕಟ್ಟು ಕೂರಿಸಿ, ಮುಂದೆ ನೇಯ್ದ ರೋಲರ್ ಪರದೆ. ಸಂರಕ್ಷಿತ ಕಟ್ಟಡವಾದರೆ ಇವಕ್ಕೂ ಮೊದಲೇ ಅನುಮತಿ ಬೇಕು. ರಾಜ್ಯದ ಪಟ್ಟಿಯಲ್ಲಿದ್ದರೆ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆ, ಕೇಂದ್ರದ್ದಾದರೆ ಭಾರತೀಯ ಪುರಾತತ್ವ ಸರ್ವೇಕ್ಷಣೆ.

ಗ್ಯಾಲರಿ_ಕಡತ

ತುಂಬ ಉಪಕಾರ. ಒಂದು ಅನುಮಾನ: 50 ಲಕ್ಸ್ ಅಂದರೆ ಕತ್ತಲೆ ಅಂತ ಪ್ರೇಕ್ಷಕರು ದೂರುವುದಿಲ್ಲವೇ? ವಯಸ್ಸಾದವರು ಬಹಳ ಬರುತ್ತಾರೆ.

ಬೆಳಕು_ಲೆಕ್ಕ

ಕತ್ತಲೆ ಅನ್ನಿಸುವುದಕ್ಕೆ 50 ಲಕ್ಸಿಗಿಂತ ಅದರ ಸುತ್ತಲಿರುವುದೇ ಹೆಚ್ಚು ಕಾರಣ. ಬಿಳಿ ಸುಣ್ಣದ ಗೋಡೆ ಬಿದ್ದ ಬೆಳಕಿನಲ್ಲಿ 80 ಶೇಕಡಾ ಹಿಂದಕ್ಕೆ ಕಳಿಸುತ್ತದೆ, ಕಪ್ಪು ಹಿನ್ನೆಲೆಯ ಹಳೆ ತೈಲಚಿತ್ರ 15 ಶೇಕಡಾ. ಅದೇ ಲಕ್ಸಿನಲ್ಲಿ ಗೋಡೆ ಚಿತ್ರಕ್ಕಿಂತ ಐದು ಪಟ್ಟು ಬೆಳ್ಳಗೆ ಕಾಣುತ್ತದೆ. ಕಣ್ಣು ಗೋಡೆಗೆ ಹೊಂದಿಕೊಳ್ಳುತ್ತದೆ, ಚಿತ್ರ ಕಪ್ಪಾಗುತ್ತದೆ. ಸುಣ್ಣಕ್ಕೇ ಕಾವಿ ಅಥವಾ ಬೂದುಹಸಿರು ಬೆರೆಸಿ ಗೋಡೆಯ ಪ್ರತಿಫಲನವನ್ನು 30–40 ಶೇಕಡಾಕ್ಕೆ ಇಳಿಸಿ. ದೀಪ ಮುಟ್ಟದೆಯೇ ಚಿತ್ರ ಎದ್ದುಬರುತ್ತದೆ. ಇಡೀ ನವೀಕರಣದಲ್ಲಿ ಇದಕ್ಕಿಂತ ಅಗ್ಗದ ಸುಧಾರಣೆ ಇನ್ನೊಂದಿಲ್ಲ.

ಎರಡನೆಯದು ದಾರಿ. ಹೊರಗಿನ ಅಂಗಳದಲ್ಲಿ ಹತ್ತಾರು ಸಾವಿರ ಲಕ್ಸ್. ಅಲ್ಲಿಂದ ನೇರವಾಗಿ 50ಕ್ಕೆ ತಂದರೆ ಯಾರಿಗೂ ಕಾಣುವುದಿಲ್ಲ. ಟಿಕೆಟ್ ಕೌಂಟರಿನಲ್ಲಿ 300, ಮುಂದಿನ ಪಡಸಾಲೆಯಲ್ಲಿ 150, ಅಲ್ಲೊಂದು ಓದುವ ಫಲಕ ಇಟ್ಟು ಎರಡು ಮೂರು ನಿಮಿಷ ನಿಲ್ಲಿಸಿ, ಆಮೇಲೆ ತೈಲಚಿತ್ರ, ಕೊನೆಗೆ ಜಲವರ್ಣ. ನಿಮ್ಮ ಕೋಣೆಯಲ್ಲಿ ಎಲ್ಲ ಬಗೆಯ ಚಿತ್ರಗಳನ್ನೂ ಕಲಸಿ ತೂಗುಹಾಕಿದ್ದರೆ ಸಾಲನ್ನೇ ಬದಲಿಸಿ. 150 ಲಕ್ಸಿನ ಚಿತ್ರದ ಪಕ್ಕದಲ್ಲಿ 50 ಲಕ್ಸಿನ ಜಲವರ್ಣ ಬಡವಾಗಿ ಕಾಣುತ್ತದೆ.

ಜಗನ್ಮೋಹನದ ಪ್ರಸಿದ್ಧ ಚಿತ್ರ, ಹಳದನಕರ್ ಅವರ ದೀಪ ಹಿಡಿದ ಮಹಿಳೆ, ಜಲವರ್ಣವೇ. ಆಕೆಯ ಬೆರಳಿನ ಸಂದಿಯ ಕೆಂಪು, ಮುಖದ ಮೇಲಿನ ಬೆಳಕು, ಇವೆಲ್ಲ ಸುತ್ತಲಿನ ಕತ್ತಲನ್ನು ನಂಬಿಕೊಂಡು ಬರೆದದ್ದು. ಅಂಥ ಚಿತ್ರದ ಮೇಲೆ 300 ಲಕ್ಸ್ ಸುರಿದರೆ ಕಾಗದ ಕಾಣುತ್ತದೆ, ದೀಪ ಕಾಣುವುದಿಲ್ಲ.

ಬಣ್ಣದ ಉಷ್ಣತೆ 2,700ರಿಂದ 3,000 ಕೆಲ್ವಿನ್ ಇರಲಿ. 50 ಲಕ್ಸಿನಲ್ಲಿ 4,000 ಕೆಲ್ವಿನ್ ಬೂದುಬೂದಾಗಿ ಕಾಣುತ್ತದೆ. ವಯಸ್ಸಾದವರಿಗಾಗಿ ಚಿತ್ರದ ಬೆಳಕು ಏರಿಸುವ ಬದಲು ವಿವರಫಲಕದ ಅಕ್ಷರ ದೊಡ್ಡದು ಮಾಡಿ, ಮೆಟ್ಟಿಲು ಹೊಸ್ತಿಲುಗಳಿಗೆ ತಗ್ಗಿನ ದೀಪ ಕೊಡಿ.

ಚಿತ್ರಸಂರಕ್ಷಕಿ

ಮೈಸೂರು ಶೈಲಿಯ ಚಿತ್ರಗಳ ಬಗ್ಗೆ ಸೇರಿಸುತ್ತೇನೆ. ಅವುಗಳ ಜೆಸ್ಸೋ (ರೇಕಿನ ಕೆಳಗಿನ ಉಬ್ಬು ಲೇಪ) ತಂಜಾವೂರಿನಷ್ಟು ಉಬ್ಬಿರುವುದಿಲ್ಲ, ತೆಳುವಾಗಿ, ಸೂಕ್ಷ್ಮವಾಗಿ ಇರುತ್ತದೆ. ನೇರ ಬೆಳಕಿನಲ್ಲಿ ಚಿನ್ನ ಒಂದು ಹಳದಿ ತೇಪೆಯಂತೆ ಕಾಣುತ್ತದೆ, ಕಿರೀಟದ ಎಳೆ, ಸೀರೆಯಂಚಿನ ಚುಕ್ಕೆ ಯಾವುದೂ ಕಾಣುವುದಿಲ್ಲ. ಚಿನ್ನ ಕಾಣಲಿ ಅಂತ ಲಕ್ಸ್ ಏರಿಸುವುದು ಸುಲಭದ ದಾರಿ, ಆದರೆ ಚಿನ್ನ ಮಾಸದಿದ್ದರೂ ಪಕ್ಕದ ಸಸ್ಯಜನ್ಯ, ಕೀಟಜನ್ಯ ಬಣ್ಣಗಳು ಮಾಸುತ್ತವೆ. ಮರದ ರಾಳದ ಗ್ಯಾಂಬೋಜ್ ಹಳದಿಯೂ ಅರಗಿನ ಕೆಂಪೂ ಬೆಳಕಿಗೆ ತಾಳುವ ಬಣ್ಣಗಳಲ್ಲ.

ಮುಖ್ಯ ದೀಪ 40 ಲಕ್ಸಿಗೆ ಇಳಿಸಿ. ಎರಡನೆಯ ಚಿಕ್ಕ ದೀಪವನ್ನು ಪಕ್ಕದಿಂದ, ಮೇಲ್ಮೈಗೆ ಸವರುವಂತೆ ಬಿಡಿ, ಅದು 10 ಲಕ್ಸ್ ಮೀರಬಾರದು. ಚಿನ್ನ ಕನ್ನಡಿಯಂತೆ ಪ್ರತಿಫಲಿಸುವುದರಿಂದ ಚಿಕ್ಕ ಬೆಳಕಿನ ಮೂಲವೊಂದು ಸರಿಯಾದ ಕೋನದಲ್ಲಿದ್ದರೆ ಸಾಕು, ನೋಡುವವರು ಒಂದು ಹೆಜ್ಜೆ ಸರಿದಾಗ ರೇಕು ಮಿಂಚುತ್ತದೆ. ಆದರೆ ಹಾಗೆ ಸವರುವ ಬೆಳಕಿನಲ್ಲಿ ಬಿರುಕು, ಎದ್ದ ಪದರವೂ ಎದ್ದು ಕಾಣುತ್ತವೆ. ದುರಸ್ತಿ ಮುಗಿದ ಮೇಲೆ ಕೋನ ನಿರ್ಧರಿಸಿ.

ಗಾಜಿನ ಹಿಂದೆ ಇರುವವಕ್ಕೆ ಪ್ರತಿಫಲನ ತಡೆಯುವ ಗಾಜು ಹಾಕಿಸಿ. ಸಾಮಾನ್ಯ ಗಾಜು ಎರಡೂ ಮೈಯಿಂದ ಸೇರಿ ಸುಮಾರು 8 ಶೇಕಡಾ ಬೆಳಕು ಹಿಂದಿರುಗಿಸುತ್ತದೆ, ಇದು ಒಂದು ಶೇಕಡಾಕ್ಕಿಂತ ಕಡಿಮೆ. ಎದುರಿನ ಕಿಟಕಿ ಗಾಜಿನಲ್ಲಿ ಕಾಣುತ್ತಿದ್ದರೆ ಯಾವ ಸ್ಪಾಟ್‌ಲೈಟೂ ಅದನ್ನು ಸರಿಮಾಡುವುದಿಲ್ಲ.

ವೈರಿಂಗ್_ಪಟ್ಟಿ

ವಿದ್ಯುತ್ ಭಾಗ. 40 ದೀಪ × 8 ವ್ಯಾಟ್ = 320 ವ್ಯಾಟ್, ಲೋಡು ಏನೂ ಅಲ್ಲ. ತೊಂದರೆ ಇನ್‌ರಷ್ ಕರೆಂಟಿನದು. ಎಲ್ಲ ಡ್ರೈವರುಗಳೂ ಒಂದೇ ಸಲ ಆನ್ ಆದಾಗ ಅವುಗಳ ಕೆಪಾಸಿಟರ್ ಕ್ಷಣಮಾತ್ರ ಭಾರಿ ಕರೆಂಟ್ ಎಳೆಯುತ್ತವೆ, ಎಂಸಿಬಿ (ಕರೆಂಟ್ ಮೀರಿದರೆ ತಾನೇ ಬೀಳುವ ಸ್ವಿಚ್) ಟ್ರಿಪ್ ಆಗುತ್ತದೆ. ನಾಲ್ಕು ಸರ್ಕ್ಯೂಟ್ ಮಾಡಿ, ಪ್ರತಿಯೊಂದಕ್ಕೂ 10 ಆಂಪಿಯರಿನ ಸಿ-ಕರ್ವ್ ಎಂಸಿಬಿ, 1.5 ಚದರ ಮಿಲಿಮೀಟರಿನ ಎಫ್‌ಆರ್‌ಎಲ್‌ಎಸ್ (ಬೆಂಕಿ ಹರಡದ, ಕಡಿಮೆ ಹೊಗೆಯ) ತಾಮ್ರದ ವೈರು, ಕರೆಂಟ್ ಸೋರಿದರೆ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಬೋರ್ಡಿನಲ್ಲಿ ಟೈಪ್ 2 ಸರ್ಜ್ ರಕ್ಷಣೆ. ಮಳೆಗಾಲದ ಗುಡುಗಿಗೆ ಮೊದಲು ಹೋಗುವುದೇ ಎಲ್‌ಇಡಿ ಡ್ರೈವರ್. ಹಳೆಯ ಮರದ ಪಟ್ಟಿಯೊಳಗಿನ ಬಟ್ಟೆ ಸುತ್ತಿದ ವೈರುಗಳು ಸತ್ತಿವೆ ಅಂತ ಬಿಡಬೇಡಿ. ಎಲ್ಲಿಂದ ಬಂದಿದೆ ಎಂದು ಪರೀಕ್ಷಿಸಿ, ಎರಡೂ ತುದಿಯಲ್ಲಿ ಕಡಿದು ಇನ್ಸುಲೇಷನ್ ಮುಚ್ಚಿ.

ಡಿಮ್ಮಿಂಗ್ ವಿಚಾರ. ಗೋಡೆಗೆ ಹಾಕುವ ಫೇಸ್-ಕಟ್ ಡಿಮ್ಮರ್ ಬೇಡವೇ ಬೇಡ, ಕೆಳಮಟ್ಟದಲ್ಲಿ ಮಿನುಗುತ್ತದೆ. ಪ್ರತಿ ದೀಪದ ಮೇಲೇ ತಿರುಗಿಸುವ ಗುಬ್ಬಿ (ನಾಬ್) ಇರುವ ಮಾದರಿ ಕೊಳ್ಳಿ. ಡಾಲಿ (ಒಂದೊಂದು ದೀಪವನ್ನೂ ಬೇರೆಯಾಗಿ ನಿಯಂತ್ರಿಸುವ ಡಿಜಿಟಲ್ ವ್ಯವಸ್ಥೆ) ಹಾಕಿದರೆ ಪ್ರೋಗ್ರಾಮ್ ಮಾಡಿದವರು ಹೋದ ಮೇಲೆ ಒಂದು ಡ್ರೈವರ್ ಬದಲಿಸಲೂ ಬೆಂಗಳೂರಿನಿಂದ ಜನ ಬರಬೇಕು.

ಬೆಳಕು_ಲೆಕ್ಕ

ಗುಬ್ಬಿಯ ವಿಷಯದಲ್ಲಿ ಒಪ್ಪುತ್ತೇನೆ, ಅರ್ಧದಷ್ಟು. ಚಿತ್ರಕ್ಕೆ ತಕ್ಕ ಲಕ್ಸ್ ಗುಬ್ಬಿಯಲ್ಲಿ ಹೊಂದಿಸಿ ಅದಕ್ಕೊಂದು ಸೀಲ್ ಹಾಕಿದರೆ ಯಾರೂ ಕದಲಿಸುವುದಿಲ್ಲ, ಸಣ್ಣ ಸಂಗ್ರಹಾಲಯಕ್ಕೆ ಅದೇ ಗಟ್ಟಿ. ಆದರೆ ಜಲವರ್ಣದ ಭಾಗಕ್ಕೆ ಜನರಿಲ್ಲದಾಗ 50ರಿಂದ 10 ಲಕ್ಸಿಗೆ ಇಳಿಯುವ ಸೆನ್ಸರ್ ಬೇಕು. ಅದಕ್ಕೆ ಡಾಲಿ ಅನುಕೂಲ. ಒಂದು ಲೈನಿಗೆ 64 ಡ್ರೈವರ್, 300 ಮೀಟರ್ ತಂತಿ, 16 ಗುಂಪು. ನಿಮ್ಮ ಕೋಣೆ ಒಂದೇ ಲೈನಿನಲ್ಲಿ ಮುಗಿಯುತ್ತದೆ. ವಿಳಾಸಗಳ ಪಟ್ಟಿ ಮತ್ತು ಪ್ರೋಗ್ರಾಮ್ ಫೈಲನ್ನು ಕೊನೆಯ ಬಿಲ್ಲಿಗೆ ಮುಂಚೆ ವಶಕ್ಕೆ ತೆಗೆದುಕೊಳ್ಳಿ.

ಒಂದು ತಾಂತ್ರಿಕ ಸೂಕ್ಷ್ಮ: ಡಾಲಿಯ ಅಂಕಿಗಳು ನೇರ ಏರಿಕೆಯಲ್ಲಿಲ್ಲ. 254 ಅಂದರೆ ಪೂರ್ತಿ, 229 ಅಂದರೆ 50 ಶೇಕಡಾ, 170 ಅಂದರೆ ಬರೀ 10 ಶೇಕಡಾ. 127 ಇಟ್ಟು ಅರ್ಧವಾಯಿತು ಅಂದುಕೊಳ್ಳಬೇಡಿ. ಲಕ್ಸ್ ಮೀಟರಿನಲ್ಲಿ ಅಳೆದೇ ಇಡಿ.

ವೈರಿಂಗ್_ಪಟ್ಟಿ

ಜಲವರ್ಣದ ಭಾಗಕ್ಕೆ ಮಾತ್ರ ಆದರೆ ಸರಿ. ಇಡೀ ಗ್ಯಾಲರಿಗೆ ಬೇಡ ಎಂಬ ಮಾತಿಗೆ ನಾನು ಈಗಲೂ ಬದ್ಧ.

ಗ್ಯಾಲರಿ_ಕಡತ

ರೇಷ್ಮೆಯ ಷೋಕೇಸಿನೊಳಗೆ ಎಲ್‌ಇಡಿ ಪಟ್ಟಿ ಅಂಟಿಸಬಹುದೇ? ಎಲ್‌ಇಡಿಗೆ ಬಿಸಿಯಿಲ್ಲ ಅನ್ನುತ್ತಾರೆ.

ಚಿತ್ರಸಂರಕ್ಷಕಿ

ಕಿರಣದಲ್ಲಿ ಬಿಸಿ ಕಡಿಮೆ, ಪಟ್ಟಿಯ ಬೆನ್ನಿನಲ್ಲಿ ಬಿಸಿ ಇದ್ದೇ ಇದೆ, ಡ್ರೈವರಿನಲ್ಲೂ ಇದೆ. ಮುಚ್ಚಿದ ಪೆಟ್ಟಿಗೆಯ ಗಾಳಿ 25ರಿಂದ 30 ಡಿಗ್ರಿಗೆ ಏರಿದರೆ 60 ಶೇಕಡಾ ಇದ್ದ ತೇವಾಂಶ 45ಕ್ಕೆ ಇಳಿಯುತ್ತದೆ. ರಾತ್ರಿ ದೀಪ ಆರಿದ ಮೇಲೆ ಮತ್ತೆ 60. ದಿನಾಲೂ ಈ ಏರಿಳಿತಕ್ಕೆ ಜರಿಯ ಲೋಹ ಒಂದು ಬಗೆ, ರೇಷ್ಮೆಯ ಎಳೆ ಇನ್ನೊಂದು ಬಗೆ ಹಿಗ್ಗಿ ಕುಗ್ಗಿ ನೇಯ್ಗೆ ಎಳೆದಾಡುತ್ತದೆ. ದೀಪವನ್ನು ಷೋಕೇಸಿನ ಮೇಲಿನ ಬೇರೆ ಖಾನೆಯಲ್ಲಿಡಿ, ನಡುವೆ ಗಾಜು, ಆ ಖಾನೆಗೆ ಗಾಳಿಯಾಡಲು ಹಿಂಬದಿ ತೂತು ಮತ್ತು ಹುಳ ಬಾರದಂತೆ ಜಾಲರಿ. ಡ್ರೈವರ್ ಪೂರ್ತಿ ಹೊರಗೆ. ಪಟ್ಟಿಯ ಅಂಟೂ ಪ್ಲಾಸ್ಟಿಕ್ಕೂ ಬಿಡುವ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ಜರಿಯ ಬೆಳ್ಳಿಯನ್ನು ಕಪ್ಪಾಗಿಸುತ್ತದೆ. ಅದಕ್ಕಾದರೂ ಒಳಗೆ ಬೇಡ.

ಟೆಂಡರ್_ಬರಹ

ಇಷ್ಟೆಲ್ಲ ಚರ್ಚೆ ಟೆಂಡರಿನಲ್ಲಿ 'ಒಳ್ಳೆಯ ಗುಣಮಟ್ಟದ ಎಲ್‌ಇಡಿ ಸ್ಪಾಟ್' ಅಂತ ಒಂದು ಸಾಲಾದರೆ ವ್ಯರ್ಥ, ಅತಿ ಕಡಿಮೆ ದರದವರು ಅಂಗಡಿ ಷೋರೂಮಿನ ದೀಪ ತಂದು ಹಾಕುತ್ತಾರೆ. ಅಂಕಿಯಲ್ಲೇ ಬರೆಯಿರಿ: ಸಿಆರ್‌ಐ (ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಂಕ) 95ಕ್ಕೆ ಮೇಲು, ಆರ್9 ಕನಿಷ್ಠ 85, ಅದೇ ಗುಣ ಅಳೆಯುವ ಇನ್ನೊಂದು ಪದ್ಧತಿಯಾದ ಟಿಎಂ-30ರ ಪ್ರಕಾರ ಆರ್‌ಎಫ್ ಕನಿಷ್ಠ 90, ದೀಪದಿಂದ ದೀಪಕ್ಕೆ ಬಣ್ಣದ ವ್ಯತ್ಯಾಸ ಮ್ಯಾಕ್‌ಆಡಮ್ 2 ಹಂತದೊಳಗೆ, ಯುವಿ ಲ್ಯೂಮೆನ್ನಿಗೆ 10 ಮೈಕ್ರೋವ್ಯಾಟಿಗಿಂತ ಕಡಿಮೆ, 1 ಶೇಕಡಾವರೆಗೆ ಮಿನುಗದೆ ಡಿಮ್ ಆಗಬೇಕು. ಆರ್9 ಕಡು ಕೆಂಪಿನದು, ಸಿಆರ್‌ಐ ಸರಾಸರಿಯಲ್ಲಿ ಅದು ಸೇರುವುದೇ ಇಲ್ಲ. ಅದು ಕಡಿಮೆಯಿದ್ದರೆ ರವಿವರ್ಮನ ಕೆಂಪು ಸೀರೆ, ಹಣೆಯ ಕುಂಕುಮ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತವೆ. ನೇರಳೆ ಚಿಪ್ ಮೇಲೆ ಕಟ್ಟಿದ ಎಲ್‌ಇಡಿಗಳು ಬೇಡ ಎಂದೂ ಸೇರಿಸಿ. ಸಿಆರ್‌ಐ ಚೆನ್ನಾಗಿದ್ದರೂ 405 ನ್ಯಾನೋಮೀಟರಿನ ಸುತ್ತ ಹೆಚ್ಚು ಹಾನಿಕರ ಕಿರಣ ಉಳಿಯುತ್ತದೆ.

ಐಇಎಸ್ ಫೈಲು (ದೀಪದ ಬೆಳಕು ಹರಡುವ ಬಗೆಯ ಅಂಕಿಗಳು), ರೋಹಿತದ ಪರೀಕ್ಷಾ ವರದಿ, ಎಲ್‌ಎಂ-80 (ಬೆಳಕು ಎಷ್ಟು ಕಾಲ ಕುಂದದೆ ಉಳಿಯುತ್ತದೆ ಎಂಬ) ವರದಿ ಬಿಡ್ಡಿನ ಜೊತೆಗೇ ಬರಲಿ. ಅದೇ ಬ್ಯಾಚಿನ 10 ಶೇಕಡಾ ಬಿಡಿ ದೀಪ, ಡ್ರೈವರ್, ಎಲ್ಲ ಬಗೆಯ ಲೆನ್ಸಿನ ಬಿಡಿಭಾಗ ಮೊದಲೇ ಕೊಂಡಿಡಿ. ಮೂರು ವರ್ಷದ ನಂತರ ತರಿಸಿದ ದೀಪ ಅದೇ ಬಿಳಿ ಕೊಡುವುದಿಲ್ಲ. ದರ ತೆರೆಯುವ ಮುನ್ನ ಮಾದರಿ ಪ್ರದರ್ಶನ ಕಡ್ಡಾಯ ಮಾಡಿ: ಒಂದು ತೈಲಚಿತ್ರ, ಒಂದು ಚಿನ್ನದ ರೇಕಿನ ಚಿತ್ರ, 3 ಮೀಟರ್ ಟ್ರ್ಯಾಕ್, ರಾತ್ರಿ ಒಮ್ಮೆ, ಕಿಟಕಿ ತೆರೆದು ಹಗಲಲ್ಲಿ ಒಮ್ಮೆ. ಮೂಲಚಿತ್ರದ ಬದಲು ಅದೇ ಅಳತೆಯ ಫ್ರೇಮಿಗೆ ವಾರ್ನಿಷ್ ಹೊಡೆದ ಪ್ರತಿಯನ್ನು ಬಳಸಿ.

ಬೆಳಕು_ಲೆಕ್ಕ

ಕೊನೆಯ ಹೊಂದಾಣಿಕೆಗೆ ಸಮಯ ಬಿಡಿ ಎಂದು ಕಾರ್ಯಸೂಚಿಯಲ್ಲಿ ಬರೆಸಿ, ಸಾಮಾನ್ಯವಾಗಿ ಉದ್ಘಾಟನೆಯ ಹಿಂದಿನ ರಾತ್ರಿಗೆ ತಳ್ಳುತ್ತಾರೆ. 40 ದೀಪಕ್ಕೆ ಇಬ್ಬರು ಮೂರು ರಾತ್ರಿ ಬೇಕು. ಗೋಡೆಗೆ ಏಣಿ ಒರಗಿಸದೆ ಗಾಲಿಯ ಅಲ್ಯೂಮಿನಿಯಂ ಗೋಪುರ ಬಳಸಿ, ಮೇಲೆ ಕೆಲಸ ನಡೆಯುವಾಗ ಕೆಳಗಿನ ಚಿತ್ರ ಇಳಿಸಿರಬೇಕು ಅಥವಾ ಮುಚ್ಚಿರಬೇಕು.

ಮೀಟರಿನ ಸೆನ್ಸರನ್ನು ಚಿತ್ರದ ಮೇಲ್ಮೈಗೆ ಸಮಾನಾಂತರವಾಗಿ ಹಿಡಿಯಿರಿ, ದೀಪದ ಕಡೆಗೆ ತಿರುಗಿಸಿದರೆ ಇಲ್ಲಿನ ಕೋನದಲ್ಲಿ ಎರಡರಷ್ಟು ತೋರಿಸುತ್ತದೆ. ನಾಲ್ಕು ಮೂಲೆ ಮತ್ತು ಮಧ್ಯ, ಐದು ಕಡೆ. ಅತಿ ಹೆಚ್ಚಿನ ಅಂಕಿಯೇ ಮಿತಿಯೊಳಗಿರಬೇಕು, ಸರಾಸರಿಯಲ್ಲ. ಮೇಲಿನ ಅಂಚು ದೀಪಕ್ಕೆ ಹತ್ತಿರವಿರುವುದರಿಂದ ಅಲ್ಲೇ ಹೆಚ್ಚಿರುತ್ತದೆ, ಕಿರಣದ ಮಧ್ಯವನ್ನು ಚಿತ್ರದ ಕೆಳ ಮೂರನೇ ಭಾಗಕ್ಕೆ ಗುರಿಯಿಟ್ಟರೆ ಸಮವಾಗುತ್ತದೆ. ಮೊಬೈಲ್ ಆ್ಯಪ್ ನಂಬಬೇಡಿ.

ದೀಪ ಗುರಿಯಾದ ಮೇಲೆ ಕೀಲಿನ ತಿರುಪು ಬಿಗಿ ಮಾಡಿ, ಟ್ರ್ಯಾಕಿನ ಮೇಲೆ ಪ್ರತಿ ದೀಪದ ಜಾಗಕ್ಕೆ ಸಂಖ್ಯೆ ಹಚ್ಚಿ. ರಿಜಿಸ್ಟರಿನಲ್ಲಿ ಒಂದು ಸಾಲು: ದೀಪ 14, ಲೆನ್ಸ್ 15 ಡಿಗ್ರಿ, ಜಾಲರಿ ಇದೆ, ಚಿತ್ರದ ನೋಂದಣಿ ಸಂಖ್ಯೆ, ಐದು ಕಡೆಯ ಲಕ್ಸ್, ದಿನಾಂಕ. ಧೂಳು ಒರೆಸುವವರು ದೀಪ ಅಲುಗಿಸಿದರೂ ಈ ಪುಟ ನೋಡಿ ಮತ್ತೆ ಕೂರಿಸಬಹುದು. ಆರು ತಿಂಗಳಿಗೊಮ್ಮೆ ಅಳೆಯಿರಿ, ಅದರಲ್ಲಿ ಒಂದು ಅಳತೆ ಜೂನಿನಲ್ಲಿ, ಮೋಡವಿಲ್ಲದ ಬೆಳಿಗ್ಗೆ, ಉತ್ತರದ ಕಿಟಕಿಯ ಎದುರುಗೋಡೆಯಲ್ಲಿ ಇರಲಿ.